ಅಪ್ಪನ ಹೊಕ್ಕುಳಿನ ಬೆಂಕಿ

ನಮ್ಮಪ್ಪನ ಹೊಟ್ಟೆ ನೋಡಲು ಜನ ಬರುತ್ತಿದ್ದರು. ಸುಳ್ಳಲ್ಲ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಹಿತ್ತಲ ಗೋಡೆಯ ಆಚೆ ನಾಲ್ಕೈದು ತಲೆಗಳು ಕಾಣುತ್ತಿದ್ದವು. ಅಪ್ಪ ಬಚ್ಚಲುಮನೆಯ ಪಕ್ಕದ ಚಪ್ಪಡಿಕಲ್ಲಿನ ಮೇಲೆ ಖಾಕಿ ಚಡ್ಡಿಯಲ್ಲಿ ನಿಂತು, ಮಂಡಿ ಬಗ್ಗಿಸಿ, ಕೈಗಳನ್ನು ತೊಡೆಗೆ ಊರಿ, ಉಸಿರನ್ನೆಲ್ಲ ಹೊರಗೆ ಹಾಕುತ್ತಿದ್ದ. ಮರುಕ್ಷಣ ಹೊಟ್ಟೆಯೇ ಮಾಯ! ಅದು ಬೆನ್ನಿಗೆ ಅಂಟಿಕೊಂಡು ಪಕ್ಕೆಲುಬಿನ ಕೆಳಗೆ ದೊಡ್ಡದೊಂದು ಗುಳಿ ಮಾತ್ರ ಉಳಿಯುತ್ತಿತ್ತು. ಆ ಗುಳಿಯ ನಡುವಿನಿಂದ ಕಂಬದ ಹಾಗೆ ಸ್ನಾಯು ಎದ್ದು, ಮಜ್ಜಿಗೆ ಕಡೆದಂತೆ ಎಡಕ್ಕೂ ಬಲಕ್ಕೂ ಸುತ್ತುತ್ತಿತ್ತು. ಗೋಡೆಯಾಚೆಯಿಂದ ಯಾರಾದರೂ, "ಗುರುವೇ, ನಿಂಗೆ ಹೊಟ್ಟೇಲಿ ಬೆಂಕಿ, ನಮಗೆ ಬರೀ ಹೊಟ್ಟೆಕಿಚ್ಚು" ಎನ್ನುತ್ತಿದ್ದರು. ಉಸಿರು ಹೊರಗಿಟ್ಟು ನಿಂತವನು ನಗುವಂತಿಲ್ಲವಲ್ಲ, ಅಪ್ಪ ಕಣ್ಣಲ್ಲೇ ನಗುತ್ತಿದ್ದ.

ಈ ವಿದ್ಯೆ ಅವನಿಗೆ ಸಿಕ್ಕಿದ್ದು ರಾಜಘಟ್ಟದ ಕಡೆ ಹಾಳು ಮಂಟಪವೊಂದರಲ್ಲಿದ್ದ ಮುದುಕ ಸಂನ್ಯಾಸಿಯಿಂದ. ಮದುವೆಗೆ ಮುಂಚೆ ಅಪ್ಪ ಕಡ್ಡಿ ಪೈಲ್ವಾನನಂತಿದ್ದನಂತೆ. ತಿಂದದ್ದು ಒಂದೂ ಮೈಗೆ ಹತ್ತುತ್ತಿರಲಿಲ್ಲ. ಯಾರೋ ಹೇಳಿದರೆಂದು ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದ. ಹೊಕ್ಕುಳಿನ ಹಿಂದೆ ಮಣಿಪೂರ ಎಂಬ ಚಕ್ರವಿದೆ, ಅಲ್ಲಿ ಅಗ್ನಿ ಬೂದಿ ಮುಚ್ಚಿಕೊಂಡು ಮಲಗಿದೆ, ಅದನ್ನು ಎಬ್ಬಿಸಿಕೊಂಡರೆ ಕಲ್ಲು ತಿಂದರೂ ಕರಗುತ್ತದೆ ಎಂದು ಆ ಸಂನ್ಯಾಸಿ ಅವನಿಗೆ ಉಡ್ಡಿಯಾಣ, ಅಗ್ನಿಸಾರ, ನೌಲಿ ಎಂಬ ಹೊಟ್ಟೆಯ ಕ್ರಿಯೆಗಳನ್ನೆಲ್ಲ ಕಲಿಸಿದರು. ಜೊತೆಗೆ ಒಂದು ಮಾತನ್ನೂ ಹೇಳಿದ್ದರು. ಅಪ್ಪ ಅದನ್ನು ಬಂದವರಿಗೆಲ್ಲ ತಮಾಷೆಯಾಗಿ ಹೇಳುತ್ತಿದ್ದ. "ಎಬ್ಬಿಸೋದು ಹೇಳ್ಕೊಡ್ತೀನಿ ಕಣಪ್ಪ. ಮಲಗಿಸೋದು ಮಾತ್ರ ನಂಗೂ ಬರಲ್ಲ, ಆಮೇಲ್ ಬಂದು ಕೇಳ್ಬೇಡ."

ಬೆಂಕಿಯೇನೋ ಎದ್ದಿತು. ಅದರ ಕಾಟವನ್ನು ಅನುಭವಿಸಿದವರು ಮನೆಯ ಹೆಂಗಸರು. ಕಲ್ಲಿನಿಂದ ಇಳಿದು, ಸ್ನಾನ ಮಾಡಿ, ಮಗ್ಗಗಳ ಸ್ವಿಚ್ ಹಾಕುವ ಹೊತ್ತಿಗೆ ಅಪ್ಪನ ಎದುರು ಬಿಸಿ ಮುದ್ದೆ ಇರಬೇಕು. ಸ್ವಲ್ಪ ತಡವಾದರೂ ಅವನ ಕೈ ನಡುಗುತ್ತಿತ್ತು, ಲಾಳಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಹಸಿವು ಬಂದಾಗ ಅಪ್ಪ ಅಪ್ಪನಲ್ಲ. ಮಧ್ಯಾಹ್ನ ಮತ್ತೆ ಅದೇ ಕತೆ. ಸೌದೆ ಹಸಿಯಿದೆಯೆಂದೋ ಸೀಮೆಣ್ಣೆ ಮುಗಿದಿದೆಯೆಂದೋ ಹೇಳಿದರೆ ಅವನ ಹೊಟ್ಟೆ ಕೇಳುತ್ತಿರಲಿಲ್ಲ. ಅಮ್ಮ ಒಲೆ ಊದುತ್ತಾ, "ನಿಮ್ಮ ಬೆಂಕಿ ಎಬ್ಬಿಸಿದ್ದು ಸಂನ್ಯಾಸಿ, ಅದಕ್ಕೆ ಸೌದೆ ಹಾಕೋಳು ನಾನು. ಇದ್ಯಾವ ನ್ಯಾಯ ರೀ?" ಎನ್ನುತ್ತಿದ್ದಳು. ಅಮ್ಮ ದುಂಡಗಿದ್ದಳು. ನಕ್ಕರೆ ಮೈಯೆಲ್ಲ ನಗುತ್ತಿತ್ತು. ಅಪ್ಪನ ಯೋಗವನ್ನು ಆಡಿಕೊಳ್ಳುವುದು ಅವಳ ದಿನನಿತ್ಯದ ಸುಖವಾಗಿತ್ತು.

ಮನೆಯಲ್ಲಿದ್ದವರು ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ನಾನು. ಮುಂದಿನ ಹಜಾರದಲ್ಲಿ ಎರಡು ಪವರ್‌ಲೂಮ್ ಮಗ್ಗಗಳು, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿಯುಸಿ ಮುಗಿಸಿದ್ದ ನಾನು ಗಂಡು ಗೊತ್ತಾಗುವವರೆಗೆ ಎಂದು ಮನೆಯಲ್ಲೇ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿಕೊಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಈಗಲೂ ಅಲ್ಲೇ ಇದೆ.

ಆ ವರ್ಷ ಯುಗಾದಿ ಕಳೆದ ಮೇಲೆ ಅಮ್ಮ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಡಲು ಶುರುಮಾಡಿದಳು. ಕೇಳಿದರೆ, "ಯಾಕೋ ಎರಡು ತುತ್ತಿಗೇ ತುಂಬ್ಕೊಂಡ್ ಬಿಡುತ್ತೆ" ಎಂದಳು. ಹುಳಿತೇಗು, ಎದೆಯುರಿ. ಅಜ್ಜಿಗೆ ಇದರ ಕಾರಣ ತಕ್ಷಣ ಹೊಳೆಯಿತು. ಹಾಸಿನ ನೂಲು ಸುತ್ತಿದ ಭಾರದ ಬೀಮನ್ನು ಮಗ್ಗಕ್ಕೆ ಏರಿಸುವಾಗ ಅಮ್ಮ ಕೈ ಕೊಟ್ಟಿದ್ದಳು, ಆದ್ದರಿಂದ ಬಟ್ಟಿ ಜಾರಿದೆ! ಹೊಕ್ಕುಳಿನಲ್ಲಿ ಮಿಡಿಯುವ ನಾಡಿ ಭಾರ ಎತ್ತಿದರೆ ಪಕ್ಕಕ್ಕೆ ಸರಿದುಬಿಡುತ್ತದೆ, ಅದನ್ನು ಜಾಗಕ್ಕೆ ಕೂರಿಸದೆ ಉಂಡದ್ದು ಇಳಿಯುವುದಿಲ್ಲ ಎಂಬುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಅಜ್ಜಿ ಅಮ್ಮನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳ ಮೇಲೆ ಹಿಟ್ಟಿನ ಪುಟ್ಟ ಹಣತೆ ಇಟ್ಟು, ಬತ್ತಿ ಹಚ್ಚಿ, ಹಿತ್ತಾಳೆ ಚೊಂಬನ್ನು ಬೋರಲು ಹಾಕಿದಳು. ದೀಪ ಒಳಗೇ ಆರಿ ಚೊಂಬು ಹೊಟ್ಟೆಯನ್ನು ಕಚ್ಚಿ ಹಿಡಿಯಿತು. ಅಮ್ಮ ಆ ಚೊಂಬನ್ನು ಹೊತ್ತುಕೊಂಡೇ, "ಅತ್ತೆ, ಇದು ಹಿಂಗೇ ಅಂಟ್ಕೊಂಡ್ರೆ ಸೀರೆ ಹೆಂಗ್ ಉಡೋದು?" ಎಂದು ನಗಿಸಿದಳು. ಎರಡು ದಿನ ಹಗುರಾಗಿದ್ದಳು. ಮತ್ತೆ ಅದೇ ಅರ್ಧ ಮುದ್ದೆ.

ಅಪ್ಪ ಇದನ್ನೆಲ್ಲ ದೂರದಿಂದ ನೋಡುತ್ತಾ ಮೀಸೆಯಡಿ ನಗುತ್ತಿದ್ದ. ಕೊನೆಗೆ ಒಂದು ದಿನ, "ಹೊಕ್ಕುಳ ಮೇಲೆ ದೀಪ ಹಚ್ಚಿದ್ರೆ ಏನ್ ಬಂತಮ್ಮಾ? ಒಳಗೆ ಹಚ್ಬೇಕು. ಇವಳಿಗಾಗಿರೋದು ಮಂದಾಗ್ನಿ. ನಂಗಿತ್ತಲ್ಲ, ಅದೇ" ಎಂದ. ಅಮ್ಮನ ಕಡೆ ತಿರುಗಿ, "ನಾಳೆಯಿಂದ ಬಾರೇ ಕಲ್ಲಿನ್ ಹತ್ರ" ಎಂದ.

ಇಪ್ಪತ್ತು ವರ್ಷ ಆಡಿಕೊಂಡವಳು ಬಾಯ್ಮುಚ್ಚಿಕೊಂಡು ಹೋದಳು. ನನಗೆ ಆಶ್ಚರ್ಯವಾಯಿತು. ಬೆಳಗಿನ ಜಾವ ಅಪ್ಪ ಅವಳನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ತಾನೂ ಕೂತು, "ಉಸಿರು ಬಿಡು, ಪೂರ್ತಿ ಬಿಡು, ಈಗ ಹೊಕ್ಕುಳನ್ನ ಬೆನ್ನಿಗೆ ಒತ್ತು, ಬಿಡು, ಒತ್ತು" ಎಂದು ಮೆಲ್ಲನೆ ಹೇಳಿಕೊಡುತ್ತಿದ್ದ. ಮಗ್ಗದ ಮುಂದೆ ಗಂಟಲು ಹರಿದುಕೊಳ್ಳುವ ಅಪ್ಪನಿಗೆ ಅಷ್ಟು ಮೆತ್ತನೆಯ ದನಿ ಇದೆಯೆಂದು ನಾನು ತಿಳಿದದ್ದು ಆಗಲೇ. ಅಮ್ಮನ ಹೊಟ್ಟೆ ಒಳಗೆ ಹೋಗುತ್ತಿರಲಿಲ್ಲ, ನಗು ಹೊರಗೆ ಬರುತ್ತಿತ್ತು. ಅಪ್ಪ ಬೇಸರಿಸದೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದೆಂದು ಅವಳ ರಾತ್ರಿಯೂಟ ಬಿಡಿಸಿದ. ಹೇಗೂ ಅವಳಿಗೆ ಅದು ಬೇಕಾಗಿರಲಿಲ್ಲ.

ಅಮ್ಮ ಸಣ್ಣಗಾಗತೊಡಗಿದಳು. ಹೊಟ್ಟೆ ಕರಗಿತು, ಗಲ್ಲ ಇಳಿಯಿತು, ಬಳೆಗಳು ಮೊಣಕೈಗೆ ಜಾರಿದವು. ಅಪ್ಪನ ಖುಷಿ ಹೇಳತೀರದು. "ನೋಡು, ಅಗ್ನಿ ಎದ್ದಿದೆ. ಕೊಬ್ಬು ಉರೀತಿದೆ" ಎಂದು ನನಗೆ ಗುಟ್ಟಿನಲ್ಲಿ ಹೇಳಿದ. ಬೀದಿಯವರೆಲ್ಲ ಅವನ ಮಾತಿಗೆ ಮೊಹರು ಒತ್ತಿದರು. ನಲ್ಲಿಯ ಹತ್ತಿರ ಎದುರುಮನೆಯ ಹೆಂಗಸು, "ಏನಕ್ಕಾ, ಹೊಸ ಮದುವಣಗಿತ್ತಿ ಥರ ಆಗ್ಬಿಟ್ಟಿದೀಯ! ನಮ್ಗೂ ಹೇಳ್ಕೊಡ್ಸು ನಿಮ್ಮೆಜಮಾನ್ರ ಹತ್ರ" ಎಂದಳು. ನಿಜವಾಗಿಯೂ ಮೂರು ಜನ ಹೆಂಗಸರು ಚಾಪೆ ಹಿಡಿದು ಬಂದರು. ಅಮ್ಮನ ರವಿಕೆಗಳಿಗೆಲ್ಲ ನಾನೇ ಒಳಹೊಲಿಗೆ ಹಾಕಿ ಚಿಕ್ಕದು ಮಾಡಿದೆ. ತಿಂಗಳು ಕಳೆಯುವಷ್ಟರಲ್ಲಿ ಆ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ. ಸೂಜಿ ಹಿಡಿದು ಕೂತಾಗ ನನಗೇಕೋ ಭಯವಾಗುತ್ತಿತ್ತು. ಸಣ್ಣಗಾದವರ ಮುಖದಲ್ಲಿ ಬೆಳಕಿರಬೇಕಲ್ಲ, ಇವಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ಒಂದು ದಿನ ಹಿತ್ತಲಿಗೆ ಹೋದಾಗ ಅಮ್ಮ ಬಚ್ಚಲ ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಹಿಂದಿನ ದಿನ ತಿಂದದ್ದು ಅರಗದೆ ಹಾಗೆಯೇ ಬಿದ್ದಿತ್ತು. "ಅಪ್ಪಂಗ್ ಹೇಳ್ಬೇಡ" ಎಂದಳು. ಹೇಳದೆ ಬಿಡುವವಳಲ್ಲ ನಾನು. ನೆಟ್ಟಗೆ ಮಗ್ಗದ ಹತ್ತಿರ ಹೋಗಿ, ಆ ಸದ್ದಿಗಿಂತ ಜೋರಾಗಿ ಕೂಗಿದೆ.

"ಅಮ್ಮ ವಾಂತಿ ಮಾಡ್ಕೊಂತಾ ಅವಳೆ. ನಿನ್ನ ಅಗ್ನಿನೂ ಬೇಡ, ಬೂದಿನೂ ಬೇಡ, ಡಾಕ್ಟ್ರ ಹತ್ರ ಕರ್ಕೊಂಡು ಹೋಗು!"

ಅಪ್ಪ ಮಗ್ಗ ನಿಲ್ಲಿಸಿ ಹಿತ್ತಲಿಗೆ ಬಂದ. ಮೋರಿಯನ್ನು ನೋಡಿದ. ಅಮ್ಮನ ಬೆನ್ನು ಸವರಿದ. ಅವನ ಮುಖದಲ್ಲಿ ಗಾಬರಿಯ ಬದಲು ಒಂದು ತರಹದ ನಂಬಿಕೆ ಕಂಡಿತು. "ಇದು ಶುದ್ಧಿ ಕಣಮ್ಮ. ಒಳಗಿರೋ ಕಶ್ಮಲ ಎಲ್ಲ ಹೊರಕ್ಕೆ ಬರ್ತಿದೆ. ನಂಗೂ ಮೊದಮೊದ್ಲು ಹಿಂಗೇ ಆಗಿತ್ತು, ಕೇಳು ನಿಮ್ಮಜ್ಜಿನ." ಅಜ್ಜಿ ಹೌದೆಂದು ತಲೆಯಾಡಿಸಿದಳು. ಅದು ಸುಳ್ಳೂ ಆಗಿರಲಿಲ್ಲ. ಅಪ್ಪನಿಗೆ ಹಾಗೇ ಆಗಿತ್ತು, ಅವನು ಹಾಗೇ ಗುಣವಾಗಿದ್ದ. ತನ್ನ ಮೈಯಲ್ಲಿ ನಿಜವಾದದ್ದನ್ನು ಯಾವ ಬಾಯಿಂದ ಸುಳ್ಳೆನ್ನುತ್ತಾನೆ?

ನಾನು ಅಮ್ಮನ ಮುಖ ನೋಡಿದೆ. ಅವಳು ಅಪ್ಪನ ಪಕ್ಷವನ್ನೇ ಹಿಡಿದಳು. "ಇನ್ನೊಂದು ಸ್ವಲ್ಪ ದಿನ ನೋಡೋಣ ಬಿಡೇ" ಎಂದಳು. ಆಮೇಲೆ ಅಡುಗೆಮನೆಯಲ್ಲಿ ನಾನು ಪಾತ್ರೆ ಕುಕ್ಕುತ್ತಿದ್ದಾಗ ಹತ್ತಿರ ಬಂದು ಪಿಸುಗುಟ್ಟಿದಳು. "ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮಪ್ಪ ನನ್ ಎದುರಿಗೆ ಸುಮ್ನೆ ಅಂತ ಕೂತಿರೋದು ಈಗ್ಲೇ ಕಣೇ. ಊಟಕ್ಕಲ್ಲ, ಕೆಲ್ಸಕ್ಕಲ್ಲ. ನನ್ ಉಸಿರು ನೋಡ್ಕೊಂಡು ಕೂತಿರ್ತಾರೆ." ನಾನು ಪಾತ್ರೆಗಳನ್ನು ಮೆಲ್ಲಗೆ ಜೋಡಿಸತೊಡಗಿದೆ. ಆದರೂ ಅವತ್ತಿನಿಂದ ನಾನು ದಿನವೂ ಕೂಗಾಡಿದೆ, ದಿನವೂ ಸೋತೆ.

ಗೌರಿ ಹಬ್ಬದ ದಿನ ಈ ಕೂಗಾಟ ಮುಗಿಯಿತು. ಕಡುಬಿನ ಹೂರಣ ತಿರುವುತ್ತಿದ್ದ ಅಮ್ಮ ಒಲೆಯ ಮುಂದೆಯೇ ಗೋಡೆಗೆ ಒರಗಿದಳು. ನೀರು ಕೊಟ್ಟರೆ ನೀರೂ ವಾಪಸ್ಸು ಬಂತು. ಅವತ್ತು ನಾನು ಯಾರನ್ನೂ ಕೇಳಲಿಲ್ಲ. ಆಟೋ ಕರೆಸಿ ಊರಿನ ಡಾಕ್ಟರ ಹತ್ತಿರ ಎತ್ತಿಕೊಂಡು ಹೋದೆ. ಅಪ್ಪನೂ ಹಿಂದೆಯೇ ಆಟೋ ಹತ್ತಿದ. ಅವರು ಹೊಟ್ಟೆಯ ಮೇಲ್ಭಾಗ ಒತ್ತಿ ನೋಡಿ, ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, "ಎಷ್ಟು ದಿನದಿಂದ ಇದು?" ಎಂದರು. ಅಪ್ಪ ಉತ್ಸಾಹದಿಂದಲೇ ಅಗ್ನಿಸಾರದ ಕತೆ ಶುರುಮಾಡಿದ. ಡಾಕ್ಟರು ಅರ್ಧಕ್ಕೇ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅಮ್ಮನ ಹೊಟ್ಟೆ ತೆರೆದು, ನೋಡಿ, ಮತ್ತೆ ಮುಚ್ಚಿದರು. ಜಠರದಲ್ಲಿ ಗಡ್ಡೆ. ಎಲ್ಲ ಕಡೆ ಹಬ್ಬಿತ್ತು. ವರಾಂಡದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೇಳಿದರು. ಅಪ್ಪ ಕೈಮುಗಿದುಕೊಂಡೇ, "ಅಗ್ನಿ ಕಮ್ಮಿ ಆಗಿರೋದಲ್ವಾ ಸಾರ್?" ಎಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಕನಿಕರದಿಂದಲೇ, "ಒಳಗೆ ಅನ್ನ ಹೋಗೋ ದಾರೀನೇ ಮುಚ್ಚಿದೆ ಯಜಮಾನ್ರೇ. ಅಗ್ನಿ ಇದ್ದು ಏನ್ ಮಾಡುತ್ತೆ?" ಎಂದರು.

ಅಪ್ಪ ಮುಗಿದ ಕೈ ಇಳಿಸಿ, "ಮೊದ್ಲೇ ಬಂದಿದ್ರೆ?" ಎಂದ.

ಡಾಕ್ಟರು ಬಾಯಿ ತೆರೆದರು. ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. "ಗಂಜಿ, ಎಳನೀರು, ಏನು ಇಳಿಯುತ್ತೋ ಅದನ್ನ ಕೊಡ್ತಾ ಇರಿ" ಎಂದು ಹೊರಟುಹೋದರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನು ಅಲ್ಲೇ ಹಿಡಿದು ಅಲುಗಾಡಿಸಬೇಕು, ಅರಚಬೇಕು ಅನ್ನಿಸಿತು. ಆದರೆ ಅವನು ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿ, ತನ್ನ ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ಸತ್ತ ಹಾವನ್ನು ಹೊಡೆದು ಏನು ಪ್ರಯೋಜನ? ನಾನು ಅಮ್ಮನ ಬಟ್ಟೆಯ ಚೀಲ ತೆಗೆದುಕೊಂಡು ವಾರ್ಡಿನ ಒಳಗೆ ಹೋದೆ.

ಮನೆಗೆ ಬಂದ ಮೇಲೆ ಅಮ್ಮನ ಚಾಪೆಯನ್ನು ನಡುಮನೆಯಲ್ಲಿ ಹಾಸಿದೆವು. ಅಲ್ಲಿಂದ ಮುಂದಿನ ಮಗ್ಗವೂ ಕಾಣುತ್ತಿತ್ತು, ಹಿತ್ತಲ ಕಲ್ಲೂ ಕಾಣುತ್ತಿತ್ತು. ಅಜ್ಜಿ ಚೊಂಬು ಹಿಡಿದು ಬಂದಳು, ಇನ್ನೊಂದು ಸಲ ನೋಡೋಣವೆಂದು. "ಹೊಲಿಗೆ ಹಾಕಿರೋ ಹೊಟ್ಟೆ ಮೇಲೆ ದೀಪ ಹಚ್ತೀಯಾ? ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದು ಕೂಗಿದೆ. ಅಜ್ಜಿ ಹಿಟ್ಟಿನ ಹಣತೆಯನ್ನು ಅಮ್ಮನ ತಲೆದೆಸೆಯಲ್ಲಿಟ್ಟು ಹಚ್ಚಿ, ಅಲ್ಲೇ ಕೂತಳು. ಎಲ್ಲರಿಗೂ ಏನಾದರೂ ಮಾಡಬೇಕಿತ್ತು. ಮಾಡಲು ಏನೂ ಇರಲಿಲ್ಲ.

ಅಪ್ಪ ಕಲ್ಲು ಹತ್ತುವುದನ್ನು ಬಿಟ್ಟ. ಗೋಡೆಯಾಚೆಯ ತಲೆಗಳು ಒಂದೆರಡು ದಿನ ಇಣುಕಿ ಕಾಣೆಯಾದವು. ಆದರೆ ಅಭ್ಯಾಸ ಬಿಟ್ಟ ಮಾತ್ರಕ್ಕೆ ಹಸಿವು ಅವನನ್ನು ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಂದು ಬಾಗಿಲು ಬಡಿಯುತ್ತಿತ್ತು. ಒಂದು ಚಮಚ ಗಂಜಿ ಇಳಿಸಲು ಹೆಂಡತಿ ಪಡುವ ಪಾಡನ್ನು ನೋಡುತ್ತಾ ಅವಳೆದುರು ಮುದ್ದೆ ಮುರಿಯುವುದು ಹೇಗೆ? ಅಪ್ಪ ತಟ್ಟೆಯನ್ನು ಮಗ್ಗದ ಹಿಂದೆ ತೆಗೆದುಕೊಂಡು ಹೋಗಿ, ಮಗ್ಗ ಓಡಿಸಿ, ಆ ಸದ್ದಿನಲ್ಲಿ ನಿಂತುಕೊಂಡೇ ತಿನ್ನುತ್ತಿದ್ದ. ಮಧ್ಯೆ ಕರೆಂಟು ಹೋದರೆ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತು, ಸೂಜಿ ಬಿದ್ದರೂ ಕೇಳುವಂತಾಗುತ್ತಿತ್ತು. ಆಗ ಅಪ್ಪ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅಲುಗಾಡದೆ ನಿಲ್ಲುತ್ತಿದ್ದ. ಅಮ್ಮನಿಗೆ ಇದು ಗೊತ್ತಾಗುವುದಿಲ್ಲವೆಂದು ಅವನ ನಂಬಿಕೆ. ಒಂದು ಮಧ್ಯಾಹ್ನ ಕರೆಂಟು ಹೋದಾಗ ಅಮ್ಮ ನನ್ನ ಸೆರಗೆಳೆದು, "ನಿಮ್ಮಪ್ಪ ಬಾಯ್ತುಂಬಾ ತುತ್ತಿಟ್ಕೊಂಡು ನಿಂತಿರ್ತಾರೆ. ಹೋಗು, ನುಂಗಕ್ಕೆ ಹೇಳು, ಗಂಟಲಿಗೆ ಸಿಕ್ಕೊಂಡೀತು" ಎಂದಳು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಅವಳೇ ಅಪ್ಪನನ್ನು ಮತ್ತೆ ಕಲ್ಲು ಹತ್ತಿಸಿದ್ದು. "ಮಲಗಿ ಮಲಗಿ ಸಾಕಾಗಿದೆ, ನಿಮ್ಮ ಹೊಟ್ಟೆ ಆಟ ಆದ್ರೂ ನೋಡ್ತೀನಿ" ಎಂದಳು. ಅಪ್ಪ ಮುಖ ಕೆಳಗೆ ಹಾಕಿಕೊಂಡು ಹೋಗಿ ನಿಂತ. ಹೊಟ್ಟೆ ಮೊದಲಿನಂತೆಯೇ ಮಾಯವಾಯಿತು, ಸುತ್ತಿತು. ಎಂಥ ಹೊಟ್ಟೆ! ಐವತ್ತು ದಾಟಿದ್ದರೂ ಒಂದಿಷ್ಟೂ ಜೋತಿರಲಿಲ್ಲ. ನೋಡಿದರೆ ನನಗೆ ರೋಷ ಬರುತ್ತಿತ್ತು. ಮುಗಿಸಿ ಒಳಗೆ ಬಂದಾಗ ಅವನ ಮೈ ಹಂಡೆಯ ಹಾಗೆ ಕಾದಿರುತ್ತಿತ್ತು. ಅಮ್ಮ ಅವನ ಕೈಯನ್ನು ಎಳೆದುಕೊಂಡು ತನ್ನ ಹೊಕ್ಕುಳ ಮೇಲೆ ಇಟ್ಟುಕೊಂಡಳು. "ಬೆಚ್ಚಗಿದೆ, ಹಿಂಗೇ ಇರ್ಲಿ" ಎಂದಳು. ಅಂದಿನಿಂದ ಅದೇ ರೂಢಿಯಾಯಿತು. ಅಪ್ಪ ಅಂಗೈಯನ್ನು ಅಲ್ಲಿಟ್ಟುಕೊಂಡು ಅವಳ ಉಸಿರು ನೋಡುತ್ತಾ ಕೂರುತ್ತಿದ್ದ. ಕೈ ತಣ್ಣಗಾದರೆ ಹಿತ್ತಲಿಗೆ ಹೋಗಿ ಇನ್ನೊಂದು ಸುತ್ತು ಮಾಡಿ ಬರುತ್ತಿದ್ದ.

ಒಮ್ಮೆ ನನ್ನ ಹತ್ತಿರ, "ಒಲೆ ಆರಿದ್ರೆ ಪಕ್ಕದ್ಮನೆಯಿಂದ ಕೆಂಡ ಇಸ್ಕೊಂಡ್ ಬರ್ತಿದ್ವಲ್ಲಮ್ಮಾ. ಇದನ್ನ ಯಾಕೆ ಕೊಡಕ್ಕಾಗಲ್ಲ? ನನ್ ಹತ್ರ ಬೇಕಾದಷ್ಟು ಅದೆ" ಎಂದ. ಚಿಕ್ಕ ಮಗುವಿನ ಹಾಗೆ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಕಂಡಿಕೆ ಸುತ್ತಬೇಕೆಂದು ಎದ್ದುಬಂದೆ.

ಚಳಿ ಬಂತು, ಅವರೆಕಾಯಿ ಬಂತು. ಬೀದಿಯಲ್ಲೆಲ್ಲ ಸೊಗಡಿನ ವಾಸನೆ. ಅಮ್ಮ ಹಿದುಕಿದ ಬೇಳೆ ಸಾರು ಬೇಕೆಂದಳು. ನಾನೂ ಅಜ್ಜಿಯೂ ಜಗಲಿಯಲ್ಲಿ ಕೂತು ಕಾಳು ಹಿದುಕಿದೆವು. ಸಾರು ಮಾಡಿ ಬಟ್ಟಲಲ್ಲಿ ತಂದರೆ ಅಮ್ಮ ಬಟ್ಟಲನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದಳು. ಬೆರಳದ್ದಿ ನೆಕ್ಕಿದಳು. "ಉಪ್ಪು ಒಂಚೂರು ಮುಂದೆ" ಎಂದಳು. ಅವಳಿಗೆ ದಕ್ಕಿದ್ದು ಅಷ್ಟೇ, ಅದೂ ನಿಲ್ಲಲಿಲ್ಲ. ಆಮೇಲೆ ರಾಗಿ ಗಂಜಿಯೊಂದೇ. ಬಟ್ಟೆಯಲ್ಲಿ ಸೋಸಿ, ನೀರಿನಷ್ಟು ತೆಳ್ಳಗೆ ಮಾಡಿ, ಒಂದು ಚಮಚ ಬಾಯಿಗೆ ಹಾಕಿ ಮೂರು ಜನವೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ನಿಲ್ಲಲಿ, ದೇವರೇ, ಇದೊಂದು ನಿಲ್ಲಲಿ ಎಂದು ನಾನು ಮನಸ್ಸಿನಲ್ಲಿ ಬೇಡುತ್ತಿದ್ದೆ. ಬಟ್ಟಲು ಹಿಡಿದ ಕೈಗೆ ಬಲವಿದ್ದರೂ ಏನೂ ಮಾಡಲಾಗದು ಎಂಬುದನ್ನು ಆ ಚಳಿಗಾಲ ನನಗೆ ಚೆನ್ನಾಗಿ ಕಲಿಸಿತು.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ, ಅಪ್ಪ ಕಲ್ಲಿನಿಂದ ಇಳಿದು ಬಂದು ಕೈ ಇಟ್ಟಾಗ, ಅಮ್ಮ ಬೆಚ್ಚಗಿದೆ ಎನ್ನಲಿಲ್ಲ. ಅಪ್ಪ ಕೈ ತೆಗೆಯದೆ ಹಾಗೇ ಕೂತಿದ್ದ. ಕೈಯನ್ನು ಬಿಡಿಸಿದವಳು ಅಜ್ಜಿ.

ನಮ್ಮ ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಓಡಿಸುವುದಿಲ್ಲ. ಸುದ್ದಿ ಹೋದಂತೆ ಒಂದೊಂದೇ ಮನೆಯ ಸದ್ದು ನಿಂತಿತು. ಕೊನೆಗೆ ಬೀದಿಯ ಆ ತುದಿಯದೂ ನಿಂತಿತು. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ಅಡುಗೆಮನೆಗೆ ಬಂದು, ಒಲೆಯ ಬೆಂಕಿಗೆ ನೀರು ಚಿಮುಕಿಸಿ ಆರಿಸಿದಳು. "ಮಾಡಿಟ್ಟಿರೋ ಅಡುಗೆ ಎಲ್ಲ ಚೆಲ್ಬಿಡು. ನೀರೂ ಚೆಲ್ಲು. ಅವಳು ಎದ್ದು ಹೋಗೋವರ್ಗೂ ಈ ಮನೇಲಿ ಬೆಂಕಿ ಹಚ್ಚಂಗಿಲ್ಲ, ಬಾಯಿಗೆ ಏನೂ ಹಾಕಂಗಿಲ್ಲ" ಎಂದಳು. ನಾನು ಹಿಂದಿನ ದಿನದ ಸಾರು, ಅನ್ನ, ಕೊಡಗಳ ನೀರು ಎಲ್ಲವನ್ನೂ ಹಿತ್ತಲಿಗೆ ಸುರಿದೆ.

ಬೇಗ ಎತ್ತುವಂತಿರಲಿಲ್ಲ. ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಹೊದಿಸದೆ ಎತ್ತಬಾರದು. ಅಮ್ಮನ ತವರು ಹೊಸಕೋಟೆಯಾಚೆ ಅನುಗೊಂಡನಹಳ್ಳಿ. ಸುದ್ದಿ ಮುಟ್ಟಿ, ಸೋದರಮಾವ ಸೀರೆ ಕೊಂಡು, ಬಸ್ಸು ಬದಲಾಯಿಸಿ ಬರಬೇಕು. ಮನೆಯ ತುಂಬ ಸೀರೆಗಳಿದ್ದವು, ಮಗ್ಗದ ಮೇಲೇ ಅರ್ಧ ನೇಯ್ದದ್ದೊಂದು ನಿಂತಿತ್ತು. ಆದರೂ ಒಂದು ಸೀರೆಗಾಗಿ ಕಾಯುತ್ತಾ ಕೂತಿದ್ದೆವು. ಬಿಸಿಲು ಏರಿತು. ಮಧ್ಯಾಹ್ನವಾಯಿತು. ಹೆಂಗಸರ ಅಳು ಏರಿ ಇಳಿದು ಸುಮ್ಮನಾಯಿತು.

ಅಮ್ಮನ ತಲೆದೆಸೆಯಲ್ಲಿ ಕೂತಿದ್ದ ಅಪ್ಪ ಯಾವಾಗಲೋ ಎದ್ದುಹೋಗಿದ್ದ. ಹುಡುಕಿಕೊಂಡು ಹಿತ್ತಲಿಗೆ ಹೋದೆ. ಚಪ್ಪಡಿಕಲ್ಲಿನ ಮೇಲೆ ಬೋರಲು ಬಿದ್ದುಕೊಂಡು, ಹೊಟ್ಟೆಯನ್ನು ಕಲ್ಲಿಗೆ ಒತ್ತುತ್ತಿದ್ದ. ದುಃಖದಿಂದ ಹೀಗೆ ಬಿದ್ದಿದ್ದಾನೆಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ. ಅಪ್ಪ ಮುಖ ತಿರುಗಿಸಿದ. ಕಣ್ಣು ಕೆಂಪಗಾಗಿ ಊದಿದ್ದವು. ಕೈಗಳು ನಡುಗುತ್ತಿದ್ದವು. ಆ ನಡುಕ ನನಗೆ ಗೊತ್ತಿತ್ತು.

"ಹಸಿವಾಗ್ತಿದೆ ಕಣಮ್ಮಾ" ಎಂದ.

ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಒಳಗೆ ಅಮ್ಮ ಮಲಗಿದ್ದಾಳೆ, ಇವನಿಗೆ ಹಸಿವಂತೆ! ಕೆಟ್ಟದ್ದೇನೋ ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅಪ್ಪ ಬಿಕ್ಕಿ ಬಿಕ್ಕಿ ಅಳತೊಡಗಿದ.

"ನಾಚ್ಕೆ ಆಗುತ್ತೆ. ತಡ್ಕೊಂಡೆ ಕಣಮ್ಮಾ. ಪಕ್ಕದ್ಮನೆಗೆ ಹೋಗಿ ನೀರ್ ಕುಡ್ದೆ, ಕಲ್ಲಿಗೆ ಒತ್ಕೊಂಡೆ, ಕೇಳ್ತಾ ಇಲ್ಲ. ಅವಳು ಒಂದ್ ಚಮಚ ನುಂಗಕ್ಕಾಗ್ದೆ ಹೋದ್ಲು, ಇದಕ್ಕೆ ಏನೂ ಆಗಿಲ್ಲ ನೋಡು, ಹಂಗೇ ಉರೀತಾ ಅದೆ. ಮಲಗಿಸೋದು ಹೇಳ್ಕೊಡ್ಲಿಲ್ಲ ಆ ಮುದುಕ, ಹೇಳ್ಕೊಡ್ಲೇ ಇಲ್ಲ" ಎಂದು ತನ್ನ ಹೊಟ್ಟೆಗೇ ಮುಷ್ಟಿಯಿಂದ ಗುದ್ದಿಕೊಂಡ.

ನಾನು ಅವನ ಕೈ ಹಿಡಿದುಕೊಂಡೆ. ಕೋಪ ಎಲ್ಲಿ ಹೋಯಿತೋ ತಿಳಿಯದು. ಅಳಲು ಬೇಕಾದಷ್ಟು ಅತ್ತಿದ್ದಾನೆ, ಸಾಯಲೂ ಸಿದ್ಧನಿದ್ದಾನೆ, ಅವನ ಹೊಟ್ಟೆ ಮಾತ್ರ ಅವನ ಮಾತು ಕೇಳುತ್ತಿಲ್ಲ. ಪಕ್ಕದ ಮನೆಯಲ್ಲಿ ಕೇಳಿದರೆ ಕೊಟ್ಟಾರು. ಆದರೆ ಹೆಂಡತಿಯ ಹೆಣವಿಟ್ಟುಕೊಂಡು ಉಂಡನೆಂಬ ಮಾತು ಸಾಯುವವರೆಗೂ ಬೀದಿಯಲ್ಲಿರುತ್ತದೆ. ಮನೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ನಾನೇ ಚೆಲ್ಲಿದ್ದೆ.

ಆಗ ನೆನಪಾಯಿತು. ಹಿಂದಿನ ಸಂಜೆ ಅಮ್ಮನಿಗೆಂದು ಮಾಡಿದ್ದ ಗಂಜಿಯ ಪಾತ್ರೆ ನಡುಮನೆಯ ಬಾಗಿಲ ಹಿಂದೆ ಇತ್ತು. ಅವಳು ಒಂದು ಚಮಚಕ್ಕೇ ಸಾಕೆಂದಿದ್ದಳು. ಆಮೇಲೆ ಕೊಡೋಣವೆಂದು ತಟ್ಟೆ ಮುಚ್ಚಿ ಅಲ್ಲಿಟ್ಟಿದ್ದೆ. ಜನರ ನಡುವೆ ನುಸುಳಿ ಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಗಂಜಿ ತಣ್ಣಗೆ ಕೊರೆಯುತ್ತಿತ್ತು, ಮೇಲೆ ಕೆನೆ ಕಟ್ಟಿತ್ತು. "ಅಮ್ಮಂದು" ಎಂದೆ. ಅಪ್ಪ ಪಾತ್ರೆಯನ್ನು ನೋಡಿದ, ನನ್ನನ್ನು ನೋಡಿದ. ಬೇಡವೆಂದು ತಲೆಯಾಡಿಸುತ್ತಲೇ ಎರಡೂ ಕೈ ಚಾಚಿದ.

ಬಚ್ಚಲ ಗೋಡೆಗೆ ಮುಖ ಮಾಡಿ ಅವನು ಕುಡಿದ. ಬೇಡವೆಂದುಕೊಂಡರೂ ನಾನು ಅವನ ಗಂಟಲನ್ನೇ ನೋಡುತ್ತಿದ್ದೆ, ಅಭ್ಯಾಸಬಲ. ಒಂದೊಂದು ಗುಟುಕೂ ಇಳಿಯಿತು. ಒಂದೂ ವಾಪಸ್ಸು ಬರಲಿಲ್ಲ. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದು ನೆಕ್ಕಿದ. ಅವನ ಕೈಯ ನಡುಕ ನಿಂತಿತು. ಅದು ನಿಂತದ್ದನ್ನು ಕಂಡು ಅಪ್ಪ ಮೊದಲಿಗಿಂತ ಜೋರಾಗಿ ಅತ್ತ.

ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಹತ್ತಿರ ಬಂದು ಅಪ್ಪನ ಕೈಯಿಂದ ಪಾತ್ರೆ ತೆಗೆದುಕೊಂಡು ಹಂಡೆಯ ಹಿಂದೆ ಬೋರಲು ಹಾಕಿದಳು. ತನ್ನ ಸೆರಗಿನ ತುದಿಯನ್ನು ಅವನ ಕೈಗೆ ಕೊಟ್ಟಳು.

"ಬಾಯಿ ಒರೆಸ್ಕೊಳಪ್ಪ" ಎಂದಳು. "ಸೀರೆ ಬಂತು."